ಫೈಬರ್‌ಗ್ಲಾಸ್ ವಿಮಾನಕ್ಕೆ ಸಿಡಿಲಿನ ರಕ್ಷಣೆ

ಪ್ರಶ್ನೆ: ಇಬ್ಬರು ಕೂರುವ ಫೈಬರ್‌ಗ್ಲಾಸ್ ವಿಮಾನವೊಂದನ್ನು ನಾನೇ ಕಟ್ಟುತ್ತಿದ್ದೇನೆ. ರೆಕ್ಕೆಗಳು ಸಿದ್ಧವಾಗಿವೆ, ಬಣ್ಣ ಬಾಕಿ ಇದೆ. ಅವುಗಳ ಮೇಲೆ ತಾಮ್ರದ ಜಾಲರಿ ಅಂಟಿಸಿ, ತುದಿಗಳಿಗೆ ಸ್ಟ್ಯಾಟಿಕ್ ವಿಕ್‌ಗಳನ್ನು ಜೋಡಿಸಿದರೆ ಸಿಡಿಲಿನ ಭಯವಿಲ್ಲವೆಂದು ಗೆಳೆಯರೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ವಿಕ್‌ಗಳ ಮಾತನ್ನು ಮೊದಲು ಮುಗಿಸೋಣ. ಮಳೆಹನಿ, ದೂಳುಗಳ ಉಜ್ಜುವಿಕೆಯಿಂದ ವಿಮಾನದಲ್ಲಿ ಸೇರುವ ಸ್ಥಿರವಿದ್ಯುತ್ತನ್ನು ಮೆಲ್ಲಗೆ ಗಾಳಿಗೆ ಬಿಟ್ಟು ರೇಡಿಯೊದ ಗೊರಗೊರ ತಗ್ಗಿಸುವುದಷ್ಟೇ ಅವುಗಳ ಕೆಲಸ. ಸಿಡಿಲನ್ನು ಅವು ತಡೆಯಲಾರವು.

ಜಾಲರಿಯ ವಿಚಾರ ಅಷ್ಟು ಸುಲಭವಲ್ಲ. ಅಲ್ಯೂಮಿನಿಯಂ ವಿಮಾನಕ್ಕೆ ಸಿಡಿಲು ಬಡಿದರೆ ವಿದ್ಯುತ್ತು ಬಹುಮಟ್ಟಿಗೆ ಹೊರಮೈಯಲ್ಲೇ ಹರಿದು ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ಗಾಜಿನ ನಾರು ವಿದ್ಯುದ್ವಾಹಕವಲ್ಲದ್ದರಿಂದ ಸಿಡಿಲು ಅದರ ಗೊಡವೆಗೆ ಹೋಗದೆಂದು ನಂಬುವವರಿದ್ದಾರೆ. ಆದರೆ ಸಿಡಿಲು ಆ ಹೊರಮೈಯನ್ನು ತೂತು ಮಾಡಿ, ಒಳಗಿರುವ ನಿಯಂತ್ರಣ ಸಲಾಕೆ, ದೀಪದ ತಂತಿ, ಆಂಟೆನಾ ತಂತಿಗಳನ್ನು ಹಿಡಿದು ಸಾಗುತ್ತದೆ, ತೆಳುವಾದ ತಂತಿ ಕ್ಷಣಾರ್ಧದಲ್ಲಿ ಆವಿಯಾಗುತ್ತದೆ, ಮುಚ್ಚಿದ ರೆಕ್ಕೆಯೊಳಗಿನ ಗಾಳಿ ಒಮ್ಮೆಲೇ ಹಿಗ್ಗಿ ಅಂಟಿನ ಜೋಡಣೆಗಳು ಬಿರಿಯುತ್ತವೆ. 1999ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಡನ್‌ಸ್ಟಬಲ್ ಬಳಿ ಫೈಬರ್‌ಗ್ಲಾಸಿನ ಎಎಸ್‌ಕೆ 21 ಗ್ಲೈಡರ್ ಸಿಡಿಲು ಬಡಿದು ಆಕಾಶದಲ್ಲೇ ಒಡೆದುಹೋಯಿತು. ಅದರಲ್ಲಿದ್ದ ಇಬ್ಬರೂ ಪ್ಯಾರಾಚೂಟ್ ಕಟ್ಟಿಕೊಂಡಿದ್ದರಿಂದ ಉಳಿದರು.

ಅಲ್ಯೂಮಿನಿಯಂ ಮೈಯಂತೆ ವಿದ್ಯುತ್ತು ಹೊರಗಿನಿಂದಲೇ ಹರಿದುಹೋಗುವ ದಾರಿಯನ್ನು ಜಾಲರಿ ಒದಗಿಸಬಲ್ಲದು, ಆದರೆ ಆ ದಾರಿ ಎಲ್ಲಿಯೂ ತುಂಡಾಗಿರಬಾರದು. ರೆಕ್ಕೆಗೆ ಮಾತ್ರ ಜಾಲರಿ ಹಾಕಿ ಬಿಟ್ಟರೆ, ವಿದ್ಯುತ್ತು ರೆಕ್ಕೆಯ ಬುಡ ತಲುಪಿ, ಮುಂದಿನ ಲೋಹವನ್ನು ಹುಡುಕುತ್ತ ನಿಮ್ಮ ಕೈಯಲ್ಲಿರುವ ನಿಯಂತ್ರಣ ಕೋಲಿನ ಕಡೆಗೇ ನುಗ್ಗಬಹುದು. ಪರೀಕ್ಷೆಗೆ ಹಿಡಿಯುವ ತೀವ್ರ ಸಿಡಿಲಿನ ಗರಿಷ್ಠ ಪ್ರವಾಹ 2,00,000 ಆಂಪಿಯರ್ ಎಂಬುದನ್ನು ನೆನೆದರೆ, ತಂತಿಯ ತುಂಡೊಂದರಿಂದ ಕಟ್ಟಿದ ಜೋಡಣೆ ಏನಾದೀತೆಂದು ಊಹಿಸಬಹುದು. ಜಾಲರಿ ಮೇಲ್ಮೈಯಲ್ಲೇ ಇರಬೇಕು. ದಪ್ಪ ಬಣ್ಣವು ಮಿಂಚು ಮೈಗೆ ತಗಲುವ ಬಿಂದುವನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಸುಡುವಿಕೆಯನ್ನು ಆಳಗೊಳಿಸುತ್ತದೆ. ಹೀಗಾಗಿ ಇದು ರೆಕ್ಕೆ ಕಟ್ಟಲು ಗಾಜಿನ ಬಟ್ಟೆಯ ಪದರಗಳನ್ನು ಹಾಸುವಾಗಲೇ ಯೋಚಿಸಬೇಕಾದ ಕೆಲಸ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಜಾಲರಿಯ ಗೋಜಿಗೆ ಹೋಗದೆ, ತೀವ್ರ ಗುಡುಗು ಮೋಡದಿಂದ ಕನಿಷ್ಠ 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್ ದೂರ ಉಳಿಯುತ್ತಿದ್ದೆ. ಮಳೆಮೋಡದೊಳಗೂ ನುಗ್ಗುತ್ತಿರಲಿಲ್ಲ, ಏಕೆಂದರೆ ವಿಮಾನಗಳಿಗೆ ತಗಲುವ ಸಿಡಿಲುಗಳಲ್ಲಿ ಹೆಚ್ಚಿನವನ್ನು ವಿಮಾನವೇ ಪ್ರಚೋದಿಸುತ್ತದೆ, ಅದೂ ಹೆಚ್ಚಾಗಿ ಮೋಡದೊಳಗೆ, ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುವ ಎತ್ತರದಲ್ಲಿ.

ಪ್ರಶ್ನೆ: ಕಾರ್ಬನ್ ಫೈಬರ್ ವಿದ್ಯುತ್ತನ್ನು ಒಯ್ಯುತ್ತದಲ್ಲವೇ? ಅದರಿಂದ ಕಟ್ಟಿದರೆ ಜಾಲರಿಯೇ ಬೇಡವೇ?

ಉತ್ತರ: ಒಯ್ಯುತ್ತದೆ, ಆದರೆ ಅಲ್ಯೂಮಿನಿಯಂಗಿಂತ ಎಷ್ಟೋ ಪಟ್ಟು ಕಳಪೆಯಾಗಿ. ಸಿಡಿಲು ಬಡಿದ ಜಾಗದಲ್ಲಿ ನಾರು ಕಾದು, ಅದನ್ನು ಅಂಟಿಸಿ ಹಿಡಿದಿರುವ ರಾಳ ಸುಟ್ಟು ಪದರಗಳು ಬಿಡಿಸಿಕೊಳ್ಳುತ್ತವೆ. ಆದ್ದರಿಂದಲೇ ಬೋಯಿಂಗ್ 787ರಂಥ ಕಾರ್ಬನ್ ವಿಮಾನಕ್ಕೂ ಹೊರಪದರದಲ್ಲಿ ಲೋಹದ ರಕ್ಷಣೆ ಬೇಕಾಯಿತು. ಕಾರ್ಬನ್ ಮೇಲೆ ಹಾಕುವುದಾದರೆ ಜಾಲರಿ ತಾಮ್ರದ್ದಿರಲಿ. ಅಲ್ಯೂಮಿನಿಯಂ ನೇರವಾಗಿ ಕಾರ್ಬನ್‌ಗೆ ತಾಗಿದರೆ ತೇವದಲ್ಲಿ ಸವೆದುಹೋಗುತ್ತದೆ, ನಡುವೆ ಗಾಜಿನ ಬಟ್ಟೆಯ ಪದರ ಬೇಕಾಗುತ್ತದೆ.