ಕಾಣದ ದ್ರವ್ಯಕ್ಕೆ ನಕ್ಷೆ ಬರೆಯುವುದು ಹೇಗೆ?

ಪ್ರಶ್ನೆ: ಕಪ್ಪು ದ್ರವ್ಯ ಯಾವ ದೂರದರ್ಶಕಕ್ಕೂ ಕಾಣುವುದಿಲ್ಲ ಎನ್ನುತ್ತಾರೆ. ಆದರೂ ಆಕಾಶದಲ್ಲಿ ಅದು ಎಲ್ಲೆಲ್ಲಿ ಹರಡಿದೆ ಎಂಬ ನಕ್ಷೆಗಳು ಪ್ರಕಟವಾಗುತ್ತಲೇ ಇವೆ. ದೂರದ ಗೆಲಾಕ್ಸಿಗಳ ಆಕಾರದಲ್ಲಾದ ಸಣ್ಣ ವ್ಯತ್ಯಾಸವನ್ನು ಅಳೆದು ಈ ನಕ್ಷೆ ತಯಾರಿಸುತ್ತಾರೆಂದು ಓದಿದ್ದೇನೆ. ಆದರೆ ಆ ಗೆಲಾಕ್ಸಿಗಳ ಮೂಲ ಆಕಾರವನ್ನು ಯಾರೂ ಕಂಡಿಲ್ಲವಲ್ಲ? ಮೂಲವೇ ತಿಳಿಯದಿರುವಾಗ ವ್ಯತ್ಯಾಸವನ್ನು ಅಳೆಯುವುದು ಹೇಗೆ?

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದೇ. ಒಂದೇ ಒಂದು ಗೆಲಾಕ್ಸಿಯನ್ನು ಮುಂದಿಟ್ಟುಕೊಂಡು ಅದರ ಆಕಾರ ಎಷ್ಟು ಬದಲಾಗಿದೆ ಎಂದು ಹೇಳಲು ಯಾರಿಂದಲೂ ಆಗದು.

ದ್ರವ್ಯರಾಶಿಯ ಪಕ್ಕದಲ್ಲಿ ಹಾದುಬರುವ ಬೆಳಕು ಬಾಗುತ್ತದೆ ಎಂಬುದಕ್ಕೆ 1919ರ ಸೂರ್ಯಗ್ರಹಣದ ವೇಳೆ ನಡೆದ ವೀಕ್ಷಣೆಗಳಲ್ಲೇ ಪುರಾವೆ ದೊರೆತಿತ್ತು. ಆ ದ್ರವ್ಯ ಹೊಳೆಯುತ್ತದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಗೆಲಾಕ್ಸಿ ಗುಚ್ಛದ ನಡುಭಾಗದಂತಹ ದಟ್ಟ ಪ್ರದೇಶದ ಹಿಂದಿರುವ ಗೆಲಾಕ್ಸಿ ನಮಗೆ ಉದ್ದನೆಯ ಕಮಾನಿನಂತೆ ಕಾಣಬಹುದು. ಆದರೆ ಆಕಾಶದ ಬಹುಪಾಲು ಕಡೆ ಈ ಪರಿಣಾಮ ತೀರ ಕ್ಷೀಣ. ದುಂಡಗಿನ ಗೆಲಾಕ್ಸಿಯೊಂದು ಶೇಕಡ ಒಂದರಷ್ಟು ಅಥವಾ ಅದಕ್ಕಿಂತಲೂ ಕಡಿಮೆ ನೀಳವಾಗುತ್ತದೆ, ಅಷ್ಟೆ. ದುರ್ಬಲ ಗುರುತ್ವ ಮಸೂರ ಎಂದು ಕರೆಯುವುದು ಇದನ್ನೇ. ಗೆಲಾಕ್ಸಿಗಳಾದರೋ ಹುಟ್ಟಿನಿಂದಲೇ ಇದಕ್ಕಿಂತ ಬಹಳ ಹೆಚ್ಚು ಚಪ್ಪಟೆಯಾಗಿರುತ್ತವೆ. ಆ ಸಹಜ ಚಪ್ಪಟೆತನದ ಹರವು ಸುಮಾರು 0.3 ಎಂದುಕೊಂಡರೆ, ನಾವು ಹುಡುಕುತ್ತಿರುವ ಸಂಕೇತ 0.01 ಮಾತ್ರ.

ಇಲ್ಲಿ ನೆರವಿಗೆ ಬರುವುದು ಸರಾಸರಿ. ಗೆಲಾಕ್ಸಿಗಳು ತಮ್ಮಷ್ಟಕ್ಕೆ ಯಾವ ದಿಕ್ಕಿಗೆ ನೀಳವಾಗಿವೆ ಎಂಬುದರಲ್ಲಿ ಯಾವ ನಿಯಮವೂ ಇಲ್ಲದಿದ್ದರೆ, ಆಕಾಶದ ಒಂದು ತುಣುಕಿನ ನೂರು ಗೆಲಾಕ್ಸಿಗಳ ಸರಾಸರಿ ತೆಗೆದಾಗ ಆ 0.3ರ ಗೊಂದಲ 0.03ಕ್ಕೆ ಇಳಿಯುತ್ತದೆ, ಸಂಕೇತ ಇನ್ನೂ ಅದರಡಿಯಲ್ಲಿ ಮುಳುಗಿಯೇ ಇರುತ್ತದೆ. ಹತ್ತು ಸಾವಿರ ಗೆಲಾಕ್ಸಿಗಳನ್ನು ಸೇರಿಸಿದರೆ ಗೊಂದಲ 0.003 ಆಗಿ, 0.01ರ ಸಂಕೇತ ಸ್ಪಷ್ಟವಾಗಿ ಮೇಲೇಳುತ್ತದೆ. ಅಂದರೆ ಪ್ರತಿಯೊಂದರ ಮೂಲ ಆಕಾರ ತಿಳಿಯಬೇಕಾಗಿಲ್ಲ. ಎಲ್ಲವೂ ಸೇರಿದಾಗ ಯಾವ ದಿಕ್ಕಿಗೂ ಒಲವು ಇರಬಾರದಿತ್ತು ಎಂಬುದಷ್ಟೇ ತಿಳಿದಿದ್ದರೆ ಸಾಕು. ಒಲವು ಕಂಡುಬಂದು, ಅದು ಒಂದು ಬಿಂದುವಿನ ಸುತ್ತ ವೃತ್ತಾಕಾರವಾಗಿ ಸಾಗಿದ್ದರೆ ಆ ಬಿಂದುವಿನಲ್ಲಿ ದ್ರವ್ಯ ಹೆಚ್ಚಾಗಿದೆ ಎಂದರ್ಥ. ಈ ಒಲವುಗಳಿಂದ ದ್ರವ್ಯದ ಹಂಚಿಕೆಯನ್ನು ಲೆಕ್ಕ ಹಾಕಿ ನಕ್ಷೆಗಿಳಿಸುವ ಗಣಿತವಿಧಾನವನ್ನು 1993ರಲ್ಲಿ ನಿಕ್ ಕೈಸರ್ ಮತ್ತು ಗಾರ್ಡನ್ ಸ್ಕ್ವೈರ್ಸ್ ಮುಂದಿಟ್ಟರು.

ಗಣಿತಕ್ಕಿಂತ ಅಳತೆಯೇ ಕಠಿಣ ಎಂಬುದು ನನ್ನ ಅಭಿಪ್ರಾಯ. ವಾತಾವರಣದ ಕಲಕಾಟ, ಕನ್ನಡಿಯ ಸಣ್ಣ ಓರೆ, ಕ್ಯಾಮೆರಾದ ದೋಷ ಇವೆಲ್ಲವೂ ಗೆಲಾಕ್ಸಿಗಳ ಬಿಂಬವನ್ನು ಗುರುತ್ವಕ್ಕಿಂತ ಹೆಚ್ಚಾಗಿಯೇ ಎಳೆದಾಡುತ್ತವೆ. ಇದಕ್ಕೆ ಪರಿಹಾರ ಅದೇ ಚಿತ್ರದಲ್ಲಿ ಬಿದ್ದಿರುವ ನಮ್ಮ ಕ್ಷೀರಪಥದ ನಕ್ಷತ್ರಗಳು. ನಕ್ಷತ್ರ ಚುಕ್ಕೆಯಂತೆ ಕಾಣಬೇಕು. ಅದು ಒಂದು ಕಡೆಗೆ ಹಿಗ್ಗಿ ಕಂಡರೆ ತಪ್ಪು ಉಪಕರಣದ್ದು ಅಥವಾ ಗಾಳಿಯದ್ದು. ಆ ಹಿಗ್ಗನ್ನು ನಕ್ಷತ್ರದಿಂದ ನಕ್ಷತ್ರಕ್ಕೆ ಗುರುತಿಸಿಕೊಂಡು, ನಡುವಿನ ಗೆಲಾಕ್ಸಿಗಳ ಬಿಂಬದಿಂದ ಕಳೆಯುತ್ತಾರೆ. ಉಳಿದ ಫಲಿತಾಂಶಕ್ಕೂ ಒಂದು ಪರೀಕ್ಷೆಯಿದೆ: ಅಳೆದ ದಿಕ್ಕುಗಳನ್ನೆಲ್ಲ 45 ಡಿಗ್ರಿ ತಿರುಗಿಸಿ ಮತ್ತೆ ಲೆಕ್ಕ ಹಾಕಿದರೆ ಗುರುತ್ವದ ಸಂಕೇತ ಬಹುತೇಕ ಮಾಯವಾಗಬೇಕು. ಹಾಗಾಗದಿದ್ದರೆ ಎಲ್ಲೋ ದೋಷ ಉಳಿದಿದೆ ಎಂದು ತಿಳಿಯಬೇಕು. ಹತ್ತಿರ ಹತ್ತಿರ ಹುಟ್ಟಿದ ಗೆಲಾಕ್ಸಿಗಳು ಸುತ್ತಲಿನ ಗುರುತ್ವದ ಸೆಳೆತದಿಂದಾಗಿ ನಿಜವಾಗಿಯೂ ಒಂದೇ ದಿಕ್ಕಿಗೆ ವಾಲಿರುವುದುಂಟು. ಅದನ್ನೂ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ವಿಶ್ವದ ಬೃಹತ್ ರಚನೆಯಿಂದಾಗುವ ದುರ್ಬಲ ಮಸೂರ ಪರಿಣಾಮವನ್ನು 2000ದಲ್ಲಿ ನಾಲ್ಕು ತಂಡಗಳು ಸ್ವತಂತ್ರವಾಗಿ ವರದಿ ಮಾಡಿದ ಮೇಲೆಯೇ ಅದರ ಬಗ್ಗೆ ಭರವಸೆ ಮೂಡಿತು.

ಪ್ರಶ್ನೆ: ನಕ್ಷೆಯಲ್ಲಿ ಕಾಣುವುದು ಕಪ್ಪು ದ್ರವ್ಯವೇ ಎಂದು ಹೇಗೆ ಹೇಳುತ್ತಾರೆ? ಅದು ಎಷ್ಟು ದೂರದಲ್ಲಿದೆ ಎಂಬುದೂ ತಿಳಿಯುತ್ತದೆಯೇ?

ಉತ್ತರ: ನಿಜ ಹೇಳಬೇಕೆಂದರೆ ನಕ್ಷೆ ತೋರಿಸುವುದು ಒಟ್ಟು ದ್ರವ್ಯವನ್ನು. ವಿಶ್ವದಲ್ಲಿ ಸಾಮಾನ್ಯ ದ್ರವ್ಯಕ್ಕಿಂತ ಕಪ್ಪು ದ್ರವ್ಯ ಸುಮಾರು ಐದು ಪಟ್ಟು ಹೆಚ್ಚಿರುವುದರಿಂದ ನಕ್ಷೆ ಮುಖ್ಯವಾಗಿ ಅದರದ್ದೇ ಆಗಿರುತ್ತದೆ. ಇವೆರಡೂ ಬೇರೆಬೇರೆಯಾಗಿ ಕಂಡ ಪ್ರಸಂಗವೂ ಉಂಟು. ಬುಲೆಟ್ ಕ್ಲಸ್ಟರ್ ಎಂಬಲ್ಲಿ ಎರಡು ಗೆಲಾಕ್ಸಿ ಗುಚ್ಛಗಳು ಒಂದನ್ನೊಂದು ಭೇದಿಸಿಕೊಂಡು ಹೋಗಿವೆ. ಅಲ್ಲಿನ ಸಾಮಾನ್ಯ ದ್ರವ್ಯದ ಬಹುಪಾಲು ಬಿಸಿ ಅನಿಲದ ರೂಪದಲ್ಲಿದ್ದು, ಘರ್ಷಣೆಯಿಂದಾಗಿ ಹಿಂದೆ ಉಳಿದುಬಿಟ್ಟಿದೆ. ಅದನ್ನು ಎಕ್ಸ್‌ರೇಯಲ್ಲಿ ಕಾಣಬಹುದು. ಆದರೆ 2006ರಲ್ಲಿ ಪ್ರಕಟವಾದ ಮಸೂರ ನಕ್ಷೆಯಲ್ಲಿ ದ್ರವ್ಯದ ಶಿಖರಗಳು ಅನಿಲದ ಮೇಲಿರಲಿಲ್ಲ, ಮುಂದೆ ಸಾಗಿಹೋದ ಗೆಲಾಕ್ಸಿಗಳ ಬಳಿಯಲ್ಲಿದ್ದವು.

ದೂರದ ವಿಷಯಕ್ಕೆ ಬಂದರೆ, ಒಂದೇ ದೃಷ್ಟಿರೇಖೆಯಲ್ಲಿರುವ ದ್ರವ್ಯವೆಲ್ಲ ನಕ್ಷೆಯಲ್ಲಿ ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತದೆ. ಹಿನ್ನೆಲೆಯ ಗೆಲಾಕ್ಸಿಗಳನ್ನು ಬಣ್ಣದ ಆಧಾರದಿಂದ ದೂರಕ್ಕೆ ತಕ್ಕಂತೆ ಪದರಗಳಾಗಿ ವಿಂಗಡಿಸಿದರೆ ಆಳದ ಅಂದಾಜು ಸ್ವಲ್ಪಮಟ್ಟಿಗೆ ಸಿಗುತ್ತದೆ. ಹಬಲ್ ದೂರದರ್ಶಕದ ಚಿತ್ರಗಳಿಂದ 2007ರಲ್ಲಿ ಇಂತಹ ಮೂರು ಆಯಾಮದ ನಕ್ಷೆ ಸಿದ್ಧವಾಯಿತು, ಆದರೆ ಅದು ಎರಡು ಚದರ ಡಿಗ್ರಿಗೂ ಕಡಿಮೆ ಜಾಗದ್ದು. ಚಿಲಿಯ ಬ್ಲಾಂಕೊ ದೂರದರ್ಶಕವನ್ನು ಬಳಸಿದ ಡಾರ್ಕ್ ಎನರ್ಜಿ ಸರ್ವೆ 2021ರಲ್ಲಿ ಪ್ರಕಟಿಸಿದ ನಕ್ಷೆ ಸುಮಾರು 10 ಕೋಟಿ ಗೆಲಾಕ್ಸಿಗಳನ್ನು ಆಧರಿಸಿ 4,000 ಚದರ ಡಿಗ್ರಿಗೂ ಹೆಚ್ಚು ಆಕಾಶವನ್ನು ಆವರಿಸಿದೆ, ಆದರೆ ಅಷ್ಟು ಸೂಕ್ಷ್ಮವಾಗಿಲ್ಲ. ವಿಸ್ತಾರವನ್ನೂ ಸೂಕ್ಷ್ಮತೆಯನ್ನೂ ಒಟ್ಟಿಗೆ ಸಾಧಿಸಬೇಕೆಂದೇ 2023ರ ಜುಲೈನಲ್ಲಿ ಉಡಾವಣೆಯಾದ ಯೂಕ್ಲಿಡ್ ದೂರದರ್ಶಕ ವಾತಾವರಣದ ಹಂಗಿಲ್ಲದೆ ಸುಮಾರು 14,000 ಚದರ ಡಿಗ್ರಿ ಆಕಾಶವನ್ನು ಚಿತ್ರಿಸುವ ಕೆಲಸದಲ್ಲಿ ತೊಡಗಿದೆ.