ಎರಿ ಭೂಮಿಯಿಂದ ಮಸಾರಿಗೆ: ಕಲಬುರಗಿ–ಬೀದರ್ ದಾರಿ

ಕಲಬುರಗಿಯಿಂದ ಬೀದರಿಗೆ ರಸ್ತೆ ಹೇಗಿದೆ, ದಾರಿಯಲ್ಲಿ ನೋಡೋಕೆ ಏನಾದರೂ ಇದೆಯಾ, ಅಲ್ಲಿ ಕನ್ನಡ ನಡೆಯುತ್ತಾ ಅಂತ ಕೇಳಿದ್ದೀರಿ. ನಾನು ಹಳ್ಳಿಖೇಡ ಬಿ ಹತ್ತಿರದವನು. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ.

ಕಲಬುರಗಿಯಲ್ಲಿ ಹುಮನಾಬಾದ್ ಬೇಸ್ ಎಲ್ಲಿ ಅಂದರೆ ಯಾರಾದರೂ ತೋರಿಸುತ್ತಾರೆ. ಅಲ್ಲಿಂದ ಹೊರಟು ತಾಜ್ ಸುಲ್ತಾನಪುರ, ಮಹಾಗಾಂವ ಕ್ರಾಸ್ ದಾಟುವವರೆಗೂ ಎರಡು ಬದಿಗೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆ ಬಿದ್ದಾಗ ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಕಣ್ಣು ಹಾಯುವಷ್ಟು ದೂರ ತೊಗರಿ. ಬೆಂಗಳೂರಿನಿಂದ ಬಂದವರು ಇಷ್ಟು ನೋಡಿ "ಬರೀ ಬಯಲು" ಅಂತ ತೀರ್ಮಾನ ಮಾಡಿ ನಿದ್ದೆ ಹೋಗುತ್ತಾರೆ. ನಿದ್ದೆ ಹೋಗಬೇಡಿ. ನೋಡಬೇಕಾದ್ದು ಮುಂದೆ ಇದೆ.

ಕಮಲಾಪುರ ಬರುತ್ತಿದ್ದಂತೆ ನೆಲ ಏಳುತ್ತದೆ. ಗುಡ್ಡಗಳು ರಸ್ತೆಯ ಹತ್ತಿರಕ್ಕೆ ಸರಿಯುತ್ತವೆ, ಮಣ್ಣು ಕೆಂಪಾಗುತ್ತದೆ. ಈ ಕೆಂಪು ಭೂಮಿಗೆ ನಾವು ಮಸಾರಿ ಅನ್ನುತ್ತೇವೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬೀದರ್ ಹತ್ತಿರ ಹತ್ತಿರ 700. ಆ ಏರಿನ ದೊಡ್ಡ ಪಾಲು ಈ ಕಡೆಯೇ ಇದೆ. ಮಲೆನಾಡಿನವರು ಇದನ್ನು ಘಾಟಿ ಎಂದು ಒಪ್ಪಲಿಕ್ಕಿಲ್ಲ. ಆದರೆ ತುಂಬಿದ ಕೆಂಪು ಬಸ್ಸಿನಲ್ಲಿ ಕೂತು, ಚಾಲಕ ಎರಡನೇ ಗೇರಿಗೆ ಇಳಿದಾಗ ಇಡೀ ಗಾಡಿ ನಡುಗುವುದನ್ನು ಕಂಡವರಿಗೆ ಇದು ಘಾಟೇ. ಸುತ್ತಲ ಊರ ಹೆಸರುಗಳೂ ಅದನ್ನೇ ಹೇಳುತ್ತವೆ: ಡೊಂಗರಗಾಂವ ಅಂತ ಒಂದೂರಿದೆ, ಮರಾಠಿಯಲ್ಲಿ ಡೊಂಗರ ಎಂದರೆ ಗುಡ್ಡ. ಇನ್ನೊಂದೂರು ಕಿಣ್ಣಿ ಸಡಕ್. ದಾರಿಯನ್ನೇ ಹೆಸರಿಗೆ ಸೇರಿಸಿಕೊಂಡ ಊರು ಅದು.

ಈ ಕಣಿವೆಯಲ್ಲೇ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು. ಭೌಗೋಳಿಕ ಸೂಚಕ (ಜಿಐ), ಅಂದರೆ ಈ ನೆಲದ್ದೇ ಎಂಬ ಸರ್ಕಾರಿ ಗುರುತು, ಪಡೆದ ಹಣ್ಣು. ಉಳಿದ ಬಾಳೆ ವರ್ಷಕ್ಕೆ ಕೈಗೆ ಬಂದರೆ ಇದು ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ದಿನ ನೀರು, ಗೊಬ್ಬರ, ಕಾವಲು ಎಲ್ಲವನ್ನೂ ರೈತನೇ ಹೊರಬೇಕು. ಹಾಗಾಗಿ ಹಣ್ಣು ತುಟ್ಟಿ, ಬೆಳೆಯುವವರೂ ಕಡಿಮೆ. ಚೌಕಾಸಿ ಮಾಡುವ ಮೊದಲು ಆ ಹದಿನೆಂಟು ತಿಂಗಳು ನೆನಪಿರಲಿ.

ಇನ್ನು ಹಳೆಯ ಮಾತು. ಬಹಮನಿಗಳು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಮುಂದಿನ ಶತಮಾನದಲ್ಲಿ ಅಹಮದ್ ಶಾ ಅದನ್ನು ಬೀದರಿಗೆ ಸಾಗಿಸಿದ. ಒಂದೇ ರಾಜ್ಯದ ಎರಡು ರಾಜಧಾನಿಗಳ ನಡುವೆ ಎಷ್ಟು ಜನ, ಎಷ್ಟು ಎತ್ತಿನ ಗಾಡಿ ಈ ಗುಡ್ಡ ಹತ್ತಿರಬೇಕು! ಆದರೆ ನನ್ನ ಮಟ್ಟಿಗೆ ಈ ದಾರಿಗೆ ಬೆಲೆ ಬಂದದ್ದು ಸುಲ್ತಾನರ ಕಾಲದಲ್ಲಿ ಅಲ್ಲ, 1956ರಲ್ಲಿ. 1948ರ ಸೆಪ್ಟೆಂಬರ್‌ವರೆಗೆ ನಾವೆಲ್ಲ ನಿಜಾಮರ ಹೈದರಾಬಾದಿನವರು. 1956ರ ನವೆಂಬರ್ 1ಕ್ಕೆ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು: ಉದಗೀರ, ನಿಲಂಗಾ ಕಡೆಯದು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ರೈಲು ಮಾತ್ರ ನಿಜಾಮರು ಹಾಕಿದ ಕಡೆಗೇ ಓಡುತ್ತಿತ್ತು, ಒಂದು ತುದಿ ವಿಕಾರಾಬಾದಿಗೆ, ಇನ್ನೊಂದು ಪರಳಿಗೆ. ಕನ್ನಡ ನಾಡಿನ ಜತೆ ಬೀದರನ್ನು ಹಿಡಿದಿಟ್ಟದ್ದು ಈ ಸಡಕು. ವಿಭಾಗದ ಕಚೇರಿ ಕಲಬುರಗಿಯಲ್ಲಿ, 1980ರ ಮೇಲೆ ವಿಶ್ವವಿದ್ಯಾಲಯ ಅಲ್ಲಿ, 2008ರಲ್ಲಿ ಹೈಕೋರ್ಟ್ ಪೀಠವೂ ಅಲ್ಲಿಗೇ ಬಂತು. ಪರೀಕ್ಷೆ ಬರೆಯುವ ಹುಡುಗಿ, ದವಾಖಾನೆಗೆ ಹೋಗುವ ಮುದುಕ, ಕೋರ್ಟಿಗೆ ಹೋಗುವ ರೈತ, ಎಲ್ಲರೂ ಗುಡ್ಡ ಇಳಿಯಲೇಬೇಕಿತ್ತು.

ಆ ರೈತರಲ್ಲಿ ನಮ್ಮಪ್ಪನೂ ಒಬ್ಬ. ಹೊಲದ ಬದುವಿನ ತಕರಾರು ಮೇಲಿನ ಕೋರ್ಟಿಗೆ ಹೋಗಿತ್ತು. ಕಾಗದಗಳನ್ನು ಬಟ್ಟೆಯ ಥೈಲಿಯಲ್ಲಿ ಸುತ್ತಿ, ಥೈಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ಅದರ ಮೇಲೆ ಊರಿ ಕೂಡುತ್ತಿದ್ದ. ಬಸ್ಸು ತಿರುವಿನಲ್ಲಿ ವಾಲಿದರೂ ಕೈ ತೆಗೆದು ಸರಳು ಹಿಡಿಯುತ್ತಿರಲಿಲ್ಲ. ಹಳೆಯ ಕಾಗದವೆಲ್ಲ ನಿಜಾಮರ ಕಾಲದ ಉರ್ದು. ನಮಗೆ ಒಂದಕ್ಷರ ಬಾರದು. ಒಮ್ಮೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹಿರಿಯರೊಬ್ಬರು ಥೈಲಿ ನೋಡಿ ಕೇಳಿದರು:

"ಕೋರ್ಟಿಗಿ ಹೊಂಟೀರೇನ್ರಿ ಗೌಡ್ರ?"

"ಹೌದ್ರಿ ಚಾಚಾ. ಉರ್ದು ಓದ್ಲಿಕ್ಕಿ ಬರ್ತದೇನ್ರಿ?"

ಅವರು ಚಷ್ಮಾ ಏರಿಸಿ, ಕಮಲಾಪುರ ದಾಟುವವರೆಗೆ ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದರು. ಬಾವಿ ಯಾವ ದಿಕ್ಕಿಗೆ, ಬೇವಿನ ಗಿಡ ಯಾರ ಕಡೆಗೆ, ಬದುವಿನ ಕಲ್ಲು ಎಲ್ಲಿ. ನನ್ನ ಅಜ್ಜನ ಹೆಸರು ಆ ಲಿಪಿಯಲ್ಲಿ ಹೇಗೆ ಕಾಣುತ್ತದೆ ಅಂತ ಬೆರಳಿಟ್ಟು ತೋರಿಸಿದರು. ಅಪ್ಪ ಅದನ್ನು ಬಹಳ ಹೊತ್ತು ನೋಡುತ್ತ ಕೂತ. ಕನ್ನಡ ನಡೆಯುತ್ತಾ ಅಂತ ಕೇಳಿದಿರಲ್ಲ, ನಮ್ಮಲ್ಲಿ ಕನ್ನಡ ನಡೆಯುವುದು ಹೀಗೆ. ಉರ್ದು, ಮರಾಠಿ, ತೆಲುಗು ಪಕ್ಕದಲ್ಲೇ ಕೂತಿರುತ್ತವೆ, ಜಾಗ ಸಾಲದಿದ್ದರೆ "ಜರಾ ಸರೀರಿ" ಅನ್ನುತ್ತೇವೆ. ಆ "ಜರಾ" ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ನಮ್ಮೂರ ಹೆಸರಿನ "ಬಿ" ಕೂಡ ಬುಜುರ್ಗ್, ಅಂದರೆ ದೊಡ್ಡದು. ಇನ್ನೊಂದು ಹಳ್ಳಿಖೇಡ "ಕೆ" ಇದೆ, ಅದು ಖುರ್ದ್, ಚಿಕ್ಕದು.

ಹುಮನಾಬಾದಿನಲ್ಲಿ ದಾರಿ ಕೂಡುತ್ತದೆ. ಪುಣೆಯಿಂದ ಸೋಲಾಪುರ, ಹೈದರಾಬಾದ್ ಮೇಲೆ ಮಚಲೀಪಟ್ಟಣಕ್ಕೆ ಹೋಗುವ ಹೆದ್ದಾರಿ ಅಡ್ಡ ಬರುತ್ತದೆ. ಈಗ ಅದರ ನಂಬರು 65, ಹಿರಿಯರ ಬಾಯಲ್ಲಿ ಇನ್ನೂ ಹಳೆಯ ಒಂಬತ್ತು. ನಾವು ಬಂದ ದಾರಿ ಹಿಂದೆ 218 ಆಗಿತ್ತು, ಈಗ 50. ಜನವರಿಯಲ್ಲಿ ಬಂದರೆ ವೀರಭದ್ರೇಶ್ವರ ಜಾತ್ರೆ ಸಿಗುತ್ತದೆ. ಸಮಯವಿದ್ದರೆ ಹತ್ತಿರದ ಜಲಸಂಗ್ವಿಗೆ ಹೋಗಿ ಬನ್ನಿ. ಅಲ್ಲಿನ ಚಾಲುಕ್ಯರ ಗುಡಿಯ ಗೋಡೆಯ ಮೇಲೆ ಹೆಣ್ಣೊಬ್ಬಳು ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿರುವ ಶಿಲ್ಪವಿದೆ. ಅದೊಂದಕ್ಕಾಗಿಯೇ ಬಂದರೂ ಪ್ರಯಾಣ ಸಾರ್ಥಕ.

ಹುಮನಾಬಾದಿನಿಂದ ಬೀದರಿಗೆ ಸಲೀಸು ದಾರಿ. ಊರು ಸೇರುವ ಮುಂಚೆ ನೌಬಾದ್ ಬರುತ್ತದೆ. ಅಲ್ಲಿ ನೆಲದ ಒಡಲಲ್ಲಿ ಇನ್ನೊಂದು ದಾರಿ ಇದೆ: ಕರೇಜ್, ನಾವು ಸುರಂಗ ಬಾವಿ ಅನ್ನುತ್ತೇವೆ. ಬಹಮನಿಗಳ ಕಾಲದಲ್ಲಿ ಪರ್ಷಿಯಾದ ವಿದ್ಯೆಯಿಂದ ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕೊರೆದು ನೀರು ಹರಿಸಿದ್ದು. ಗಾಳಿ ಬೆಳಕಿಗೆ ಅಲ್ಲಲ್ಲಿ ಬಾವಿಯಂಥ ಬಾಯಿಗಳಿವೆ. ಒಂದರ ಅಂಚಿಗೆ ಬಗ್ಗಿ ನೋಡಿದರೆ ಮುಖಕ್ಕೆ ತಂಪು ಹೊಡೆಯುತ್ತದೆ.

2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಶುರುವಾಯಿತು, 110 ಕಿಲೋಮೀಟರ್. ಮರಗುತ್ತಿ ಬಳಿ ಗುಡ್ಡ ಕೊರೆದು ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಮಾಡಿದ್ದಾರೆ. ಅರವತ್ತೊಂದು ವರ್ಷ ಕಾದದ್ದು ಬಂತಲ್ಲ ಅಂತ ನಮಗೆಲ್ಲ ಹಿಗ್ಗು. ಮೊದಲ ಸಲ ಅಪ್ಪನನ್ನು ಕರೆದುಕೊಂಡು ಹೋದಾಗ ಸುರಂಗದ ಕತ್ತಲು ಬಂತು, ಹೋಯಿತು. "ಘಾಟ ಎಲ್ಲಿ ಹೋತೋ?" ಅಂದ.

ನೀವು ಬರುವಾಗ ಹೋಗುತ್ತ ಬಸ್ಸು, ಬರುತ್ತ ರೈಲು ಹಿಡಿಯಿರಿ. ತೊಗರಿ ಹೂ ಬಿಟ್ಟಿರುವ ಅಕ್ಟೋಬರ್–ನವೆಂಬರಿನಲ್ಲಿ ಬಂದರೆ ಎರಿ ಭೂಮಿ ಹಳದಿಯಾಗಿರುತ್ತದೆ. ಕಮಲಾಪುರದಲ್ಲಿ ಕೆಂಪು ಬಾಳೆ ಕೊಂಡರೆ ಅಂದೇ ತಿನ್ನಬೇಡಿ. ಕೈಗೆ ಮೆತ್ತಗಾಗುವವರೆಗೆ ಒಂದೆರಡು ದಿನ ಇಡಿ.