ಹಳೇ ಆಂಡ್ರಾಯ್ಡ್ ಫೋನ್‌ಗಳನ್ನ ಯಾವಾಗ ಕೈಬಿಡೋದು?

ಪ್ರಶ್ನೆ: ಕಾಫಿ ಬೆಳೆಗಾರರಿಗೆ ಮಳೆ ಲೆಕ್ಕ ಬರ್ಕೊಳೋ ಆ್ಯಪ್ ಮಾಡಿದೀವಿ. ಆಂಡ್ರಾಯ್ಡ್ 6 ಸಪೋರ್ಟ್ ತೆಗೀಬಹುದಾ?
– ಓದುಗರು, ಮೂಡಿಗೆರೆ

ಉತ್ತರ: ತೆಗೀಬಹುದು, ಆದ್ರೆ ಅವಸರ ಬೇಡ. 2013ರ ಕಿಟ್‌ಕ್ಯಾಟ್‌ಗೆ (ಆಂಡ್ರಾಯ್ಡ್ 4.4) ಗೂಗಲ್ ಪ್ಲೇ ಸರ್ವೀಸಸ್ (ಆ್ಯಪ್‌ಗಳು ಗೂಗಲ್ ಸೌಲಭ್ಯ ಬಳಸೋಕೆ ಬೇಕಾದ ಸಾಫ್ಟ್‌ವೇರ್) ಅಪ್‌ಡೇಟ್ ನಿಲ್ಸಿದ್ದು 2023ರಲ್ಲಿ, ಅದೂ ಬಳಸೋರು ಶೇ. 1ಕ್ಕಿಂತ ಕಮ್ಮಿ ಆದ್ಮೇಲೆ, ಆದ್ರೆ ಅದು ಪ್ರಪಂಚದ ಲೆಕ್ಕ, ನಿಮ್ದು ಪ್ಲೇ ಕನ್ಸೋಲ್‌ನಲ್ಲಿ (ಆ್ಯಪ್ ಮಾಡಿದೋರಿಗೆ ಬಳಸೋರ ಲೆಕ್ಕ ತೋರಿಸೋ ಗೂಗಲ್ ತಾಣ) ಬೇರೆನೇ ಇರ್ಬಹುದು, ಯಾಕಂದ್ರೆ ನಮ್ ಕಡೆ ಮಗ ಬೆಂಗಳೂರಲ್ಲಿ ಹೊಸ ಫೋನ್ ತಗೊಂಡ್ರೆ ಹಳೇದು ತೋಟದ ರೈಟರ್ ಕೈಗೆ ಬರುತ್ತೆ, ದಿನಾ ಮಳೆ ಅಳೆದು ಬರೆಯೋದು ಅವರೇ. ಅವರನ್ನ ಬಿಟ್ರೆ ಆ್ಯಪ್ ಯಾರಿಗೆ?

ಹಾಗಂತ ಹಳೇದನ್ನ ಹೊತ್ಕೊಂಡಿರೋದೂ ಸುಲಭ ಅಲ್ಲ. 7.1.1ಕ್ಕಿಂತ ಹಳೇ ಫೋನುಗಳು ಲೆಟ್ಸ್ ಎನ್‌ಕ್ರಿಪ್ಟ್‌ನ (ಸರ್ವರ್‌ಗಳಿಗೆ ಉಚಿತವಾಗಿ ಸುರಕ್ಷತಾ ಸರ್ಟಿಫಿಕೇಟ್ ಕೊಡೋ ಸಂಸ್ಥೆ) ಈಗಿನ ರೂಟ್ ಸರ್ಟಿಫಿಕೇಟನ್ನ, ಅಂದ್ರೆ ಅದರ ಉಳಿದ ಸರ್ಟಿಫಿಕೇಟ್‌ಗಳಿಗೆಲ್ಲ ಆಧಾರವಾದ ಮೂಲ ಸರ್ಟಿಫಿಕೇಟನ್ನ, ತಾವಾಗೇ ನಂಬಲ್ಲ, ನಿಮ್ ಸರ್ವರಲ್ಲಿ ಅದೇ ಇದ್ರೆ ಕನೆಕ್ಟೇ ಆಗಲ್ಲ, ರೂಟನ್ನ ಆ್ಯಪ್ ಒಳಗೇ ಸೇರಿಸ್ಬೇಕು, ಪ್ರತಿ ರಿಲೀಸಿಗೂ ಹಳೇ ಫೋನಲ್ಲಿ ಟೆಸ್ಟ್ ಮಾಡ್ಬೇಕು. ಈ ಕೆಲಸ ಹೊಸ ಫೀಚರ್‌ಗಳನ್ನ ತಡೀತಿದೆ ಅನ್ನಿಸಿದ ದಿನ ಬಿಡಿ. ಆಮೇಲೂ ಇನ್‌ಸ್ಟಾಲ್ ಆಗಿರೋ ಹಳೇ ವರ್ಷನ್ ಫೋನಲ್ಲಿ ಇರುತ್ತೆ, ನೀವು ಸರ್ವರ್ ಎಪಿಐ (ಆ್ಯಪ್ ಸರ್ವರ್ ಜೊತೆ ಮಾತಾಡೋ ರೀತಿ) ಬದಲಾಯಿಸದಿದ್ರೆ ಸಾಕು. ಮೊದಲೇ ಆ್ಯಪಲ್ಲಿ ಕನ್ನಡದಲ್ಲೇ ನೋಟಿಸ್ ಹಾಕಿ, ಹಳೇ ಲೆಕ್ಕ ಡೌನ್‌ಲೋಡ್ ಮಾಡ್ಕೊಳೋ ಬಟನ್ ಕೊಡಿ. ಮಾರ್ಚ್-ಏಪ್ರಿಲ್ ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಹೊತ್ತಲ್ಲಿ ಮಾತ್ರ ಸಪೋರ್ಟ್ ತೆಗೆಯೋದು ಬೇಡ್ವೇ ಬೇಡ.